ನಾಲ್ಕು ಜನರ ಮುಂದೆ ಬಾಯಿ ಕಟ್ಟಿದರೆ: ಬಾಲ್ಯದ ನೋವು, ಕೆಟ್ಟ ಯೋಚನೆ, ಸಾಮಾಜಿಕ ಆತಂಕ

ಸಾಮಾಜಿಕ ಆತಂಕ ಇರುವವರಿಗೆ ಮನೆಯವರಿಂದ ಸಿಗುವ ಸಲಹೆ ಎರಡೇ: "ಸ್ವಲ್ಪ ಧೈರ್ಯ ತಗೊ", "ಒಳ್ಳೇದೇ ಯೋಚನೆ ಮಾಡು". ಎರಡರಿಂದಲೂ ಉಪಯೋಗವಿಲ್ಲ. "ಬಾಯಿ ಬಿಟ್ಟರೆ ಜನ ನಗುತ್ತಾರೆ" ಎಂಬ ಲೆಕ್ಕ ಎಂದೋ ಚಿಕ್ಕಂದಿನಲ್ಲಿ ತಲೆಯೊಳಗೆ ಕೂತಿದೆ, ಆಮೇಲೆ ಅದನ್ನು ಯಾರೂ ತಾಳೆ ನೋಡಿಲ್ಲ. ತೊಂದರೆ ಇರುವುದು ಅಲ್ಲಿ. ತಾಳೆ ನೋಡುವ ಕೆಲಸ ಹೇಗೆ ಮಾಡುವುದು, ಎಲ್ಲಿ ಎಡವುತ್ತೇವೆ ಎಂಬುದನ್ನು ಇಲ್ಲಿ ಬರೆದಿದ್ದೇವೆ. ಮುಂಬೈ, ಪುಣೆ, ಗೋವಾದ ಕನ್ನಡಿಗರನ್ನು ಮುಂದಿಟ್ಟುಕೊಂಡೇ ಬರೆದದ್ದು, ಏಕೆಂದರೆ ಇಲ್ಲಿ ಜನರ ಹೆದರಿಕೆಗೆ ಭಾಷೆಯ ಹೆದರಿಕೆಯೂ ಸೇರಿಕೊಂಡಿರುತ್ತದೆ.

ಸಂಕೋಚವೋ, ಆತಂಕವೋ

ಸಂಕೋಚದ ಸ್ವಭಾವದವರು ಹೊಸಬರ ಮುಂದೆ ಮೊದಲ ಹತ್ತು ನಿಮಿಷ ಮುದುಡುತ್ತಾರೆ, ಆಮೇಲೆ ಸರಿಹೋಗುತ್ತಾರೆ. ಸಾಮಾಜಿಕ ಆತಂಕ ಬದುಕಿಗೇ ಅಡ್ಡ ಬರುತ್ತದೆ. ಮೀಟಿಂಗಿನಲ್ಲಿ ಮಾತಾಡಬೇಕಾಗುತ್ತದೆಂದು ಬಡ್ತಿಯೇ ಬೇಡ ಅನ್ನುವುದು, ಮದುವೆಗೆ ಸರಿಯಾಗಿ ಊಟದ ಹೊತ್ತಿಗೆ ಹೋಗಿ ಕೈ ತೊಳೆದ ಕೂಡಲೇ ಹೊರಡುವುದು, ಒಂದು ಫೋನ್ ಕರೆಯನ್ನು ವಾರಗಟ್ಟಲೆ ಮುಂದೂಡುವುದು, ಇವೆಲ್ಲ ಅದರ ಗುರುತು. ಹೆದರಿಕೆ, ತಪ್ಪಿಸಿಕೊಳ್ಳುವಿಕೆ ಸಾಮಾನ್ಯವಾಗಿ 6 ತಿಂಗಳಿಗೂ ಹೆಚ್ಚು ಇದ್ದು, ಕೆಲಸಕ್ಕೋ ಓದಿಗೋ ಸಂಬಂಧಗಳಿಗೋ ಪೆಟ್ಟು ಬಿದ್ದಿದ್ದರೆ ಇಲ್ಲವೇ ತೀರಾ ಸಂಕಟವಾಗುತ್ತಿದ್ದರೆ ಮಾತ್ರ ಮನೋವೈದ್ಯರು ಅದನ್ನು ಕಾಯಿಲೆಯಾಗಿ ಎಣಿಸುತ್ತಾರೆ. ಕೈ ನಡುಕ, ಬೆವರು, ಎದೆಬಡಿತ ಒಬ್ಬರೇ ಕೂತಿದ್ದಾಗಲೂ ಬರುತ್ತಿದ್ದರೆ ಮೊದಲು ಥೈರಾಯ್ಡ್ ರಕ್ತಪರೀಕ್ಷೆ ಮಾಡಿಸಿ. ಥೈರಾಯ್ಡ್ ಜಾಸ್ತಿಯಾದಾಗಲೂ ಇದೇ ಲಕ್ಷಣಗಳು ಕಾಣುತ್ತವೆ.

ಬಾಲ್ಯದಿಂದ ಇಲ್ಲಿಯವರೆಗೆ

ವೈದ್ಯರಾದ ವಿನ್ಸೆಂಟ್ ಫೆಲಿಟಿ, ರಾಬರ್ಟ್ ಆಂಡಾ ಮತ್ತು ಸಂಗಡಿಗರು 1998ರಲ್ಲಿ ಅಮೆರಿಕದಲ್ಲಿ ಪ್ರಕಟಿಸಿದ ಅಧ್ಯಯನ, ಬಾಲ್ಯದಲ್ಲಿ ಕಂಡ ಕಷ್ಟಗಳ ಬಗೆ ಹೆಚ್ಚಿದಷ್ಟೂ ದೊಡ್ಡವರಾದ ಮೇಲಿನ ಕಾಯಿಲೆಗಳೂ ಹೆಚ್ಚುತ್ತವೆ ಎಂದು ತೋರಿಸಿತು. ಅದರಲ್ಲಿ ಹೊಡೆತ, ಲೈಂಗಿಕ ದೌರ್ಜನ್ಯ, ಮನೆಯಲ್ಲಿ ಕುಡಿತ ಎಲ್ಲವೂ ಬರುತ್ತವೆ. ಸಾಮಾಜಿಕ ಆತಂಕವನ್ನಷ್ಟೇ ತೆಗೆದುಕೊಂಡು ನೋಡಿದ ಅಧ್ಯಯನಗಳಲ್ಲಿ ಮತ್ತೆ ಮತ್ತೆ ಮೇಲೆ ಬರುವುದು ಮಾತಿನ ಪೆಟ್ಟು: ಹೀಯಾಳಿಕೆ, ಮೂದಲಿಕೆ, ಜನರೆದುರು ಅವಮಾನ, ಮತ್ತು ಮಗುವಿನ ಮಾತಿಗೆ ಕಿವಿಗೊಡದೇ ಇರುವುದು. ಬೆತ್ತದ ಏಟಿಗಿಂತ "ನಿನ್ನಿಂದ ನಮ್ಮ ಮಾನ ಹೋಯ್ತು" ಎಂಬ ಮಾತು ಈ ಕಾಯಿಲೆಗೆ ಹತ್ತಿರ. ಅದಕ್ಕೇ "ನನ್ನನ್ನು ಯಾರೂ ಹೊಡೆದಿಲ್ಲ, ನನಗೆಂಥ ಟ್ರಾಮಾ?" ಎನ್ನುವವರ ಬಾಲ್ಯದಲ್ಲೂ ಇಂಥದ್ದು ಸಾಕಷ್ಟು ಸಿಗುತ್ತದೆ.

ಈ ಊರುಗಳಲ್ಲಿ ಅದು ಹೇಗೆ ಬರುತ್ತದೆಂದರೆ: ಅಪ್ಪ ಮುಂಬೈಯ ಹೋಟೆಲಿನಲ್ಲಿ, ಮಗು ಊರಲ್ಲಿ ಅಜ್ಜಿಯ ಹತ್ತಿರ, ವರ್ಷಕ್ಕೊಮ್ಮೆ ಬರುವ ಅಪ್ಪನಿಗೆ ಮಾರ್ಕ್ಸ್ ಕಾರ್ಡ್ ತೋರಿಸುವುದೇ ಭೇಟಿ. ಇಲ್ಲವೇ ಪಾಲಿಕೆಯ ಕನ್ನಡ ಶಾಲೆಯಲ್ಲಿ ಏಳರವರೆಗೆ ಓದಿ, ಎಂಟನೇ ಕ್ಲಾಸಿಗೆ ಬೇರೆ ಮಾಧ್ಯಮಕ್ಕೆ ಸೇರಿದ ಮೊದಲ ದಿನವೇ ಹಿಂದಿ ತಪ್ಪಾಗಿ ಇಡೀ ಕ್ಲಾಸು ನಕ್ಕದ್ದು. ಹತ್ತು ಹನ್ನೆರಡು ವರ್ಷಕ್ಕೇ ಹೋಟೆಲಿಗೆ ಬಂದು ಗಿರಾಕಿಗಳೆದುರು ಬೈಸಿಕೊಂಡವರು ಹಳೆಯ ತಲೆಮಾರಿನಲ್ಲಿ ಕಡಿಮೆಯೇನಿಲ್ಲ. ಬಿಜಾಪುರ, ಗದಗ ಕಡೆಯಿಂದ ಗೋವಾಕ್ಕೆ ಕೂಲಿಗೆ ಬಂದವರ ಮಕ್ಕಳಿಗೆ ಮನೆಯಲ್ಲಿ "ಸುಮ್ನ ಕುಂದ್ರು, ನಿನ್ನ ಕೈಲೆ ಏನಾಗ್ತೈತಿ", ಬೀದಿಯಲ್ಲಿ "ಘಾಟಿ" (ಘಟ್ಟದಾಚೆಯವರು) ಎಂಬ ಹೀಯಾಳಿಕೆ.

ಮಗು ಇದರಿಂದ ಒಂದು ನಿಯಮ ಕಟ್ಟಿಕೊಳ್ಳುತ್ತದೆ. ನಿಯಮಗಳಲ್ಲಿ ಮೂರು ಬಗೆ. ಒಂದು, ವಿಪರೀತ ಅಳತೆ: "ಮಾತಾಡಿದರೆ ಒಂದೂ ತಪ್ಪಿಲ್ಲದೆ ಮಾತಾಡಬೇಕು". ಎರಡು, ಷರತ್ತು: "ನಾನು ತಡವರಿಸಿದರೆ ದಡ್ಡ ಅಂದುಕೊಳ್ಳುತ್ತಾರೆ". ಮೂರು, ಷರತ್ತೇ ಇಲ್ಲದ ತೀರ್ಪು: "ನಾನು ಯಾರಿಗೂ ಬೇಡದವನು". ಆ ಮನೆಯಲ್ಲಿ, ಆ ಕ್ಲಾಸಿನಲ್ಲಿ ಈ ನಿಯಮ ಮಗುವನ್ನು ಕಾಪಾಡಿದ್ದೂ ಉಂಟು. ಬಾಯಿ ಮುಚ್ಚಿಕೊಂಡಿದ್ದರೆ ಬೈಗುಳ ಕಡಿಮೆಯಾಗುತ್ತಿತ್ತು. ಮೂವತ್ತು ದಾಟಿದ ಮೇಲೂ ಅದೇ ನಿಯಮ ನಡೆಯುತ್ತಿರುವುದು ತೊಂದರೆ. ಬಾಲ್ಯಕ್ಕೂ ಇವತ್ತಿನ ಆತಂಕಕ್ಕೂ ನಡುವಿನ ಕೊಂಡಿ ಈ ನಿಯಮದಿಂದ ಹುಟ್ಟುವ ಯೋಚನೆಗಳೇ. ಬಾಲ್ಯ ಬದಲಾಗದಿದ್ದರೂ ಈ ಕೊಂಡಿಯ ಮೇಲೆ ಕೈಯಿಡಬಹುದು.

ಒಂದು ಎಚ್ಚರಿಕೆಯೂ ಬೇಕು. ಹುಟ್ಟಿನಿಂದಲೇ ಹಿಂಜರಿಯುವ ಸ್ವಭಾವ, ವಂಶದ ಪ್ರಭಾವ ಇವಕ್ಕೂ ಪಾಲಿದೆ. ಕಷ್ಟದ ಬಾಲ್ಯ ಕಂಡವರಿಗೆಲ್ಲ ಈ ಕಾಯಿಲೆ ಬರುವುದಿಲ್ಲ, ಬಂದವರಿಗೆಲ್ಲ ಬಾಲ್ಯದಲ್ಲಿ ದೊಡ್ಡ ಗಾಯ ಇರುವುದೂ ಇಲ್ಲ. ಕಾರಣ ಸಿಗಲಿಲ್ಲವೆಂದು ಹುಡುಕುತ್ತ ವರ್ಷ ಕಳೆಯಬೇಡಿ. ಮುಂದಿನ ಕೆಲಸಕ್ಕೆ ಕಾರಣ ಗೊತ್ತಿರಲೇಬೇಕೆಂದಿಲ್ಲ.

ಹಾಳೆ ಬರೆಯುವುದು

ನೋಟ್‌ಬುಕ್ಕಿನ ಹಾಳೆಯನ್ನು ಅಡ್ಡ ಹಿಡಿದು 6 ಕಾಲಂ ಹಾಕಿ: ಸಂದರ್ಭ; ಆಗ ಬಂದ ಯೋಚನೆ, ಅದನ್ನು ನೂರಕ್ಕೆ ಎಷ್ಟು ನಂಬಿದಿರಿ; ದೇಹದಲ್ಲಿ ಆದದ್ದು; ಕಾಪಾಡಿಕೊಳ್ಳಲು ಮಾಡಿದ ಉಪಾಯ; ನಿಜವಾಗಿ ನಡೆದದ್ದು; ಈಗ ಅದೇ ಯೋಚನೆಗೆ ನೂರಕ್ಕೆ ಎಷ್ಟು. ವಾರಕ್ಕೆ ಮೂರು ನಾಲ್ಕು ಹಾಳೆ ಸಾಕು.

ಒಂದು ಹಾಳೆ ಹೀಗಿರಬಹುದು. ಸಂದರ್ಭ: ಭಾನುವಾರ, ಡೊಂಬಿವಲಿ, ಸಂಘದ ಸಭೆ, "ಹೊಸಬರು ಎದ್ದು ಪರಿಚಯ ಹೇಳಿ" ಎಂದರು, ನನ್ನದು ಐದನೇ ಸರದಿ. ಯೋಚನೆ: "ದನಿ ನಡುಗುತ್ತೆ, ಎಲ್ಲರೂ ತಿರುಗಿ ನೋಡ್ತಾರೆ, ಇವನಿಗೆಂಥ ಆಗಿದೆ ಅಂತಾರೆ", 90. ದೇಹ: ಕಿವಿ ಬಿಸಿ, ಬಾಯಿ ಒಣ, ಅಂಗೈ ಒದ್ದೆ. ಉಪಾಯ: ಹೇಳಬೇಕಾದ ವಾಕ್ಯವನ್ನು ಮನಸ್ಸಿನಲ್ಲೇ ಉರುಹೊಡೆದೆ, ಮುಂದಿನ ಕುರ್ಚಿಯ ಬೆನ್ನು ಗಟ್ಟಿ ಹಿಡಿದೆ, ಹೆಸರು ಊರು ಮಾತ್ರ ಹೇಳಿ ಕೂತೆ. ನಡೆದದ್ದು: ಇಬ್ಬರು ತಲೆಯಾಡಿಸಿದರು, ಒಬ್ಬರು ಮೊಬೈಲ್ ನೋಡುತ್ತಿದ್ದರು, ಪಕ್ಕದವರು "ಕುಂದಾಪುರದಲ್ಲಿ ಯಾವ ಬದಿ ಮಾರಾಯ್ರೆ?" ಎಂದು ಕೇಳಿದರು. ಈಗ: 60.

ಐದನೇ ಕಾಲಂ ತುಂಬಲು ಬಹಳ ಜನರಿಗೆ ಬರುವುದಿಲ್ಲ, ಯಾಕೆಂದರೆ ಅವರು ಆ ಹೊತ್ತಿಗೆ ನೆಲ ನೋಡುತ್ತಿದ್ದರು. ಹಾಗಿದ್ದರೆ "ಗೊತ್ತಿಲ್ಲ, ನೆಲ ನೋಡುತ್ತಿದ್ದೆ" ಎಂದೇ ಬರೆಯಿರಿ. ಜನ ನಕ್ಕರು ಎಂಬ ತೀರ್ಪು ಜನರನ್ನು ನೋಡದೆಯೇ ಬಂದಿದೆ ಎಂಬುದು ಹತ್ತು ಹಾಳೆಯಾದ ಮೇಲೆ ತಾನಾಗಿ ಕಣ್ಣಿಗೆ ಬೀಳುತ್ತದೆ.

ಕೆಡುವುದು ಎಲ್ಲಿ? ಯೋಚನೆಯ ಕಾಲಂನಲ್ಲಿ "ಟೆನ್ಷನ್ ಆಯ್ತು" ಎಂದು ಬರೆಯುತ್ತಾರೆ. ಅದು ಭಾವನೆ, ಅದನ್ನು ಪರೀಕ್ಷಿಸಲಾಗದು. "ನಾನು ಹೇಗೆ ಕಾಣ್ತಿದ್ದೀನಿ?" ಎಂಬ ಪ್ರಶ್ನೆಯನ್ನೂ ಪರೀಕ್ಷಿಸಲಾಗದು, ಅದರೊಳಗಿನ ಉತ್ತರ ಬರೆಯಿರಿ: "ಪೆದ್ದನ ಹಾಗೆ ಕಾಣ್ತಿದ್ದೀನಿ". ಮೂರು ದಿನ ಬಿಟ್ಟು ಬರೆದರೆ ನೆನಪು ಆತಂಕದ ಕಡೆಗೇ ವಾಲಿರುತ್ತದೆ, ಆದ್ದರಿಂದ ಅದೇ ದಿನ, ಲೋಕಲ್‌ನಲ್ಲಿ ಕೂರಲು ಜಾಗ ಸಿಕ್ಕರೆ ಅಲ್ಲೇ, ಮೊಬೈಲಿನಲ್ಲಿ ಬರೆದುಬಿಡಿ. ಶುದ್ಧ ಬರಹದ ಕನ್ನಡ ಬೇಡ. ಚಿಕ್ಕಂದಿನ ಬೈಗುಳ ತುಳುವಿನಲ್ಲಿತ್ತೋ, ಕೊಂಕಣಿಯಲ್ಲೋ, ಧಾರವಾಡದ ಮಾತಿನಲ್ಲೋ, ಯೋಚನೆಯೂ ಅದರಲ್ಲೇ ಬರುತ್ತದೆ, ಅದರಲ್ಲೇ ಬರೆಯಿರಿ. ಇನ್ನು ಕೊನೆಯ ಕಾಲಂನಲ್ಲಿ "ನಾನು ಅದ್ಭುತ ಮಾತುಗಾರ" ಎಂದು ಗೋಡೆಬರಹ ಬರೆಯಬೇಡಿ. ನಂಬದ ಮಾತನ್ನು ನೂರು ಸಲ ಬರೆದರೂ ಆತಂಕ ಕದಲುವುದಿಲ್ಲ. 90 ಇದ್ದದ್ದು 60ಕ್ಕೆ ಇಳಿದರೆ ಅದೇ ಆ ದಿನದ ಕೆಲಸ.

ಎಲ್ಲ ಕೆಟ್ಟ ಯೋಚನೆಯೂ ಸುಳ್ಳಲ್ಲ ಎಂಬುದನ್ನೂ ಹೇಳಿಬಿಡಬೇಕು. ವಾಸ್ಕೋದಲ್ಲಿ ಮನೆ ಬಾಡಿಗೆಗೆ ಕೇಳಿದಾಗ "ಕರ್ನಾಟಕದವರಿಗೆ ಕೊಡೋದಿಲ್ಲ" ಎಂದರೆ ಅದು ನಿಮ್ಮ ಯೋಚನೆಯ ದೋಷವಲ್ಲ, ಅವರ ನಡತೆಯ ದೋಷ. ಅಂಥ ಸಂದರ್ಭದ ಹಾಳೆಯಲ್ಲಿ ಕೇಳಿಕೊಳ್ಳಬೇಕಾದ್ದು "ಇದು ನಿಜವೇ" ಎಂದಲ್ಲ, "ಇದರಿಂದ ನಾನು ನನ್ನ ಬಗ್ಗೆ ಏನು ತೀರ್ಮಾನಿಸಿದೆ" ಎಂದು. ಅವನು ಮನೆ ಕೊಡಲಿಲ್ಲ ಎಂಬುದರಿಂದ "ನಾನು ಯಾರಿಗೂ ಬೇಡದವನು" ಎಂಬಲ್ಲಿಗೆ ಹಾರಿದ್ದರೆ, ತಾಳೆ ನೋಡಬೇಕಾದದ್ದು ಆ ಹಾರಿಕೆಯನ್ನು.

ಕಾಪಾಡಿಕೊಳ್ಳುವ ಉಪಾಯಗಳನ್ನು ಬಿಡುವುದು

ಈ ಭಾಗವನ್ನು ಬಿಟ್ಟು ಬರೀ ಹಾಳೆ ಬರೆದರೆ ಅರ್ಧ ಕೆಲಸವೂ ಆಗುವುದಿಲ್ಲ. ಬ್ರಿಟನ್ನಿನ ಮನಶ್ಶಾಸ್ತ್ರಜ್ಞರಾದ ಡೇವಿಡ್ ಕ್ಲಾರ್ಕ್ ಮತ್ತು ಏಡ್ರಿಯನ್ ವೆಲ್ಸ್ 1995ರಲ್ಲಿ ಕೊಟ್ಟ ವಿವರಣೆಯನ್ನೇ ಇವತ್ತಿಗೂ ಚಿಕಿತ್ಸೆಯಲ್ಲಿ ಹೆಚ್ಚು ಬಳಸುತ್ತಾರೆ. ಅವರ ಪ್ರಕಾರ ಜನರ ಮುಂದೆ ನಿಂತ ಕೂಡಲೇ ಗಮನ ಒಳಕ್ಕೆ ತಿರುಗುತ್ತದೆ. ಎದೆಬಡಿತ, ಕಿವಿಯ ಬಿಸಿ ಇವನ್ನೇ ಸಾಕ್ಷಿಯಾಗಿಟ್ಟುಕೊಂಡು "ನಾನು ಹೊರಗಿನಿಂದ ಹೀಗೆ ಕಾಣುತ್ತಿದ್ದೇನೆ" ಎಂಬ ಚಿತ್ರ ಕಟ್ಟಿಕೊಳ್ಳುತ್ತೇವೆ. ಆ ಚಿತ್ರ ಎಷ್ಟೋ ಸಲ ಹಳೆಯ ಅವಮಾನದ ದಿನದ್ದೇ ಆಗಿರುತ್ತದೆ: ಮೈ ನಲವತ್ತರದು, ಚಿತ್ರ ಎಂಟನೇ ಕ್ಲಾಸಿನದು.

ಉಪಾಯಗಳು ಎಂದರೆ ಲೋಟವನ್ನು ಎರಡು ಕೈಯಲ್ಲಿ ಹಿಡಿಯುವುದು, ಬೆವರು ಕಾಣದಂತೆ ಕಪ್ಪು ಶರ್ಟು, ಬಾಗಿಲ ಹತ್ತಿರದ ಜಾಗ, ಸುಮ್ಮನೆ ಮೊಬೈಲ್ ತಿಕ್ಕುವುದು, ಬೇಗ ಬೇಗ ಮಾತು ಮುಗಿಸುವುದು, ತಮ್ಮ ಬಗ್ಗೆ ಹೇಳದೆ ಎದುರಿನವರನ್ನೇ ಪ್ರಶ್ನೆ ಕೇಳುತ್ತಿರುವುದು, ಪಾರ್ಟಿಗೆ ಮೊದಲು ಒಂದು ಪೆಗ್. (ಗೋವಾದಲ್ಲಿ ಈ ಕೊನೆಯದು ಬಲು ಅಗ್ಗ, ಅದಕ್ಕೇ ಬಲು ಅಪಾಯ.) ಇವುಗಳಿಂದ ಹಾನಿ ಎರಡು ಬಗೆ. ಏನೂ ಅನಾಹುತ ಆಗದಿದ್ದರೆ "ಲೋಟ ಗಟ್ಟಿ ಹಿಡಿದದ್ದಕ್ಕೆ ಬಚಾವಾದೆ" ಎಂದು ಕೀರ್ತಿ ಉಪಾಯಕ್ಕೆ ಹೋಗುತ್ತದೆ, ಹಳೇ ನಿಯಮ ಹಾಗೇ ಉಳಿಯುತ್ತದೆ. ಎರಡನೆಯದು ಇನ್ನೂ ಮೋಸದ್ದು: ಎಷ್ಟೋ ಉಪಾಯಗಳು ಹೆದರಿದ್ದನ್ನೇ ತರುತ್ತವೆ. ಲೋಟ ಬಿಗಿ ಹಿಡಿದಷ್ಟೂ ಕೈ ನಡುಗುತ್ತದೆ. ಮುಂದಿನ ವಾಕ್ಯ ಉರುಹೊಡೆಯುತ್ತಿದ್ದರೆ ಎದುರಿನವರು ಹೇಳಿದ್ದು ಕಿವಿಗೆ ಬೀಳದೆ ಉತ್ತರ ಅಡ್ಡಾದಿಡ್ಡಿಯಾಗುತ್ತದೆ. ಕಣ್ಣು ತಪ್ಪಿಸಿದರೆ "ಜಂಬದವಳು" ಅಂದುಕೊಳ್ಳುತ್ತಾರೆ.

ಪರೀಕ್ಷೆ ಹೀಗೆ. ಪರಿಚಯದವರೊಬ್ಬರ ಜೊತೆ 5 ನಿಮಿಷದ ಮಾತುಕತೆ ಎರಡು ಸಲ. ಮೊದಲ ಸುತ್ತಿನಲ್ಲಿ ಎಲ್ಲ ಉಪಾಯಗಳನ್ನೂ ಬೇಕೆಂದೇ ಬಳಸಿ, ನಿಮ್ಮನ್ನು ನೀವೇ ಗಮನಿಸುತ್ತಿರಿ. ಎರಡನೇ ಸುತ್ತಿನಲ್ಲಿ ಉಪಾಯ ಬಿಡಿ, ಗಮನವನ್ನು ಅವರ ಮಾತಿಗೆ, ಮುಖಕ್ಕೆ ಕೊಡಿ. ಪ್ರತಿ ಸುತ್ತಿನ ನಂತರ ಮೂರು ಅಂಕ, 0ಯಿಂದ 100: ಎಷ್ಟು ಆತಂಕವಾಯಿತು, ಎಷ್ಟು ಆತಂಕ ಹೊರಗೆ ಕಂಡಿರಬಹುದು, ಮಾತು ಎಷ್ಟು ಚೆನ್ನಾಗಿ ನಡೆಯಿತು. ಸಾಮಾನ್ಯವಾಗಿ ಎರಡನೇ ಸುತ್ತು ಹಗುರವಾಗಿರುತ್ತದೆ. ನಂತರ ಎದುರಿನವರ ಅಂಕವನ್ನೂ ಕೇಳಿ, ನಿಮ್ಮದರ ಪಕ್ಕ ಬರೆಯಿರಿ.

ಗಮನ ಹೊರಕ್ಕೆ ತಿರುಗಿಸುವುದು ಅಭ್ಯಾಸದಿಂದ ಬರುವಂಥದ್ದು. ಆತಂಕವಿಲ್ಲದ ಹೊತ್ತಿನಲ್ಲೇ ಶುರುಮಾಡಿ: ಲೋಕಲ್‌ನಲ್ಲಿ 2 ನಿಮಿಷ "ಪುಢೀಲ್ ಸ್ಟೇಷನ್" (ಮುಂದಿನ ಸ್ಟೇಷನ್) ಘೋಷಣೆ, ಹಳಿಯ ಸದ್ದು, ಪಕ್ಕದವರ ಮಾತು ಒಂದೊಂದನ್ನೇ ಬೇರೆ ಮಾಡಿ ಕೇಳಿ. ಮನಸ್ಸು ಒಳಕ್ಕೆ ಓಡಿದಾಗ ಬೈದುಕೊಳ್ಳದೆ ಮತ್ತೆ ಹೊರಕ್ಕೆ ತನ್ನಿ.

ವಿಡಿಯೋ ಇನ್ನೊಂದು ಒಳ್ಳೆಯ ಸಾಧನ. 3 ನಿಮಿಷ ಯಾವುದಾದರೂ ವಿಷಯ ಮಾತಾಡಿ ರೆಕಾರ್ಡ್ ಮಾಡಿ. ಒಂದೇ ಕೋಣೆಯ ಮನೆಯಾಗಿದ್ದರೆ ಟೆರೇಸಿಗೋ ಗಾರ್ಡನ್ನಿಗೋ ಹೋಗಿ. ನೋಡುವ ಮೊದಲು ಏನು ಕಾಣುತ್ತದೆಂದು ಬರೆದಿಡಿ: ಮುಖ ಎಷ್ಟು ಕೆಂಪು, ಎಷ್ಟು ಸಲ ತಡವರಿಕೆ, ಮಾತು ನಿಂತದ್ದು ಎಷ್ಟು ಸೆಕೆಂಡು. ಬರೆಯದೆ ನೋಡಿದರೆ ತಪ್ಪುಗಳನ್ನೇ ಹುಡುಕುತ್ತೀರಿ, ಪ್ರಯೋಗ ಕೆಡುತ್ತದೆ. ನೋಡುವಾಗ ಟಿವಿಯಲ್ಲಿ ಯಾರೋ ಅಪರಿಚಿತರನ್ನು ನೋಡುವಂತೆ ನೋಡಿ. ಒಳಗೆ ಬೆಂಕಿ ಹತ್ತಿದಂತೆ ಅನಿಸಿದ ಕಿವಿ ವಿಡಿಯೋದಲ್ಲಿ ಬಹುತೇಕ ಕಾಣುವುದೇ ಇಲ್ಲ.

ಮೆಟ್ಟಿಲು

ಹೆದರಿಸುವ ಸಂದರ್ಭಗಳನ್ನು 0ಯಿಂದ 100ರವರೆಗೆ ಅಳೆದು 8ರಿಂದ 10 ಮೆಟ್ಟಿಲು ಮಾಡಿ. 30, 40ರ ಮೆಟ್ಟಿಲಿನಿಂದ ಶುರುಮಾಡಿ. 5ರ ಮೆಟ್ಟಿಲಿನಿಂದ ಕಲಿಯುವಂಥದ್ದು ಏನೂ ಇಲ್ಲ, 90ಕ್ಕೆ ಮೊದಲೇ ಹಾರಿದರೆ ಬಿಟ್ಟು ಓಡುತ್ತೀರಿ. ಮುಂಬೈಯಲ್ಲಿ: ಇಂಡಿಕೇಟರಿನ ಕೆಳಗೇ ನಿಂತು "ಹೀ ಸ್ಲೋ ಆಹೇ ಕಾ?" (ಇದು ಸ್ಲೋ ಲೋಕಲ್ಲಾ?) ಎಂದು ಕೇಳುವುದು, ಗರ್ದಿಯಿಲ್ಲದ ಹೊತ್ತಿನಲ್ಲಿ. ಪುಣೆಯಲ್ಲಿ: ಹಿಂಜೇವಾಡಿಯ ಆಫೀಸಿನ ಬೆಳಗಿನ ಮೀಟಿಂಗಿನಲ್ಲಿ ಮೊದಲೇ ಯೋಚಿಸಿಡದ ಒಂದು ಪ್ರಶ್ನೆ. ಗೋವಾದಲ್ಲಿ: ಕದಂಬ ಬಸ್ಸಿನ ಕಂಡಕ್ಟರಿಗೆ ಹರಕುಮುರುಕು ಕೊಂಕಣಿಯಲ್ಲಿ ಸ್ಟಾಪ್ ಕೇಳುವುದು. ಎಲ್ಲೇ ಆಗಲಿ ಮೆಡಿಕಲ್‌ನಲ್ಲಿ ನೋಟ್‌ಬುಕ್ ಕೇಳುವುದು, ಹೋಟೆಲಿನಲ್ಲಿ ಆರ್ಡರ್ ಕೊಟ್ಟು "ಇಲ್ಲ, ಬೇರೆ ಕೊಡಿ" ಅನ್ನುವುದು. ಬೇಕೆಂದೇ ತಪ್ಪು ಮಾಡುವ ಇಂಥ ಪ್ರಯೋಗಗಳಲ್ಲೇ "ತಪ್ಪಿದರೆ ಮುಗೀತು" ಎಂಬ ನಿಯಮದ ಪರೀಕ್ಷೆ. ಭಾಷೆಯ ಜಗಳ ಈ ಊರುಗಳಲ್ಲಿ ನಿಜವಾಗಿಯೂ ಆಗುವುದುಂಟು, ಆದ್ದರಿಂದ ಸಿಟ್ಟಿನಲ್ಲಿರುವ ಗುಂಪಿನ ಮುಂದೆ ಪ್ರಯೋಗ ಬೇಡ. ಸಮಾಧಾನದ ಮನುಷ್ಯನನ್ನು ಆರಿಸಿ.

ಪ್ರತಿ ಸಲ ಮೊದಲು ನಿರೀಕ್ಷೆ ಬರೆಯಿರಿ ("ಗುರಾಯಿಸುತ್ತಾನೆ, 80"), ಒಂದು ಉಪಾಯ ಬಿಡಿ, ಕಣ್ಣಿಂದ ನೋಡಿದ್ದನ್ನು ಬರೆಯಿರಿ. ಆತಂಕ ಇಳಿಯುವವರೆಗೂ ಕಾಯಬೇಕೆಂದಿಲ್ಲ, ಉತ್ತರ ಸಿಗುವವರೆಗೆ ನಿಂತರೆ ಸಾಕು. ಒಂದೇ ಮೆಟ್ಟಿಲನ್ನು ವಾರದಲ್ಲಿ ಮೂರು ನಾಲ್ಕು ಸಲ, ಬೇರೆ ಬೇರೆ ಜನರ ಜೊತೆ. ತಿಂಗಳಿಗೊಮ್ಮೆ ಮಾಡಿದರೆ ಪ್ರತಿ ಸಲವೂ ಮೊದಲನೇ ಸಲವೇ.

ರಾತ್ರಿ ಮನೆಗೆ ಬಂದು "ಛೆ, ಹಾಗನ್ನಬಾರದಿತ್ತು" ಎಂದು ಮೆಲುಕು ಹಾಕುವುದು ಇಡೀ ದಿನದ ಪ್ರಯೋಗವನ್ನು ತಿಂದುಹಾಕುತ್ತದೆ. ಹಾಳೆಗೆ 10 ನಿಮಿಷ ಕೊಡಿ, ಮುಚ್ಚಿಡಿ. ಆಮೇಲೆ ಮೆಲುಕು ಬಂದರೆ "ಬರೆದಾಗಿದೆ" ಎಂದು ಎದ್ದು ಕೈಗೆ ಕೆಲಸ ಹಚ್ಚಿ. "ನಾನು ಹೇಳಿದ್ದು ತಪ್ಪಾಯ್ತಾ?" ಎಂದು ಗೆಳೆಯರಿಗೆ ವಾಟ್ಸಾಪ್ ಮಾಡಿ ಸಮಾಧಾನ ಬೇಡುವುದೂ ಒಂದು ಉಪಾಯವೇ.

ಹಳೆಯ ನೆನಪನ್ನು ಮುಟ್ಟುವುದು

ಎರಡು ತಿಂಗಳು ಪ್ರಯೋಗ ಮಾಡಿದ ಮೇಲೂ ಅಂಕ ಇಳಿಯದೆ, "ಜನ ನಗಲಿಲ್ಲ ಅಂತ ಗೊತ್ತು, ಆದರೂ ಒಳಗೆ ಅನಿಸೋದು ಹಾಗೇ" ಎಂಬಲ್ಲಿ ನಿಂತರೆ, ಆಗ ಹಳೆಯ ನೆನಪಿನ ಸರದಿ. ಚಿಕಿತ್ಸಕರು ಇದನ್ನು ಮೂರು ಹಂತದಲ್ಲಿ ಮಾಡಿಸುತ್ತಾರೆ. ಮೊದಲು ಆ ಘಟನೆಯನ್ನು ಆ ವಯಸ್ಸಿನ ಮಗುವಾಗಿ ನೋಡುವುದು. ನಂತರ ಇವತ್ತಿನ ದೊಡ್ಡವರಾಗಿ ಅದೇ ಕೋಣೆಗೆ ಕಾಲಿಟ್ಟು ಮಧ್ಯ ಪ್ರವೇಶಿಸುವುದು. ಕೊನೆಗೆ ಮತ್ತೆ ಮಗುವಾಗಿ, ಆ ದೊಡ್ಡವರಿಂದ ಬೇಕಾದ ಮಾತು ಕೇಳಿಸಿಕೊಳ್ಳುವುದು. ಇದನ್ನು ಒಬ್ಬರೇ ಮಾಡಲು ಹೋಗಬೇಡಿ. ಅದರಲ್ಲೂ ದೌರ್ಜನ್ಯದ ಘಟನೆ ಕಣ್ಣೆದುರೇ ಮತ್ತೆ ನಡೆದಂತಾಗುವುದು, ಕೆಟ್ಟ ಕನಸು, ಮರಗಟ್ಟಿದಂತಾಗುವುದು, ಬದುಕೇ ಬೇಡ ಎನಿಸುವುದು ಇದ್ದರೆ ಮೊದಲು ಅದಕ್ಕೆ ಚಿಕಿತ್ಸೆ ಬೇಕು, ಮೆಟ್ಟಿಲು ಆಮೇಲೆ.

ಒಬ್ಬರೇ ಮಾಡಬಹುದಾದದ್ದು ಇಷ್ಟು: ಹಾಳೆಯ ಎಡಕ್ಕೆ ಅಂದು, ಬಲಕ್ಕೆ ಇಂದು ಎಂದು ಬರೆದು ವ್ಯತ್ಯಾಸ ಪಟ್ಟಿಮಾಡುವುದು. ಅಂದು ಹದಿಮೂರು ವರ್ಷ, ಇಂದು ಮೂವತ್ತೈದು. ಅಂದು ಕ್ಲಾಸು ಬಿಟ್ಟು ಹೋಗುವಂತಿರಲಿಲ್ಲ, ಇಂದು ಸಭೆಯಿಂದ ಎದ್ದು ಹೋಗಬಹುದು. ಅಂದು ನಕ್ಕವರ ಜೊತೆ ವರ್ಷವಿಡೀ ಕೂರಬೇಕಿತ್ತು, ಇಂದು ಈ ಕಂಡಕ್ಟರನ್ನು ಮತ್ತೆ ನೋಡುವುದೂ ಅನುಮಾನ.

ಡಾಕ್ಟರ ಹತ್ತಿರ ಹೋಗುವಾಗ

ಯಾವ ಕಾಯಿಲೆಗೆ ಯಾವ ಚಿಕಿತ್ಸೆ ಎಂದು ಸೂಚಿಸುವ ಬ್ರಿಟನ್ನಿನ ನೈಸ್ ಸಂಸ್ಥೆಯ 2013ರ ಮಾರ್ಗಸೂಚಿ ಮೊದಲ ಆಯ್ಕೆಯಾಗಿ ಹೇಳುವುದು ಒಬ್ಬೊಬ್ಬರಿಗೇ ಮಾಡುವ ಸಿಬಿಟಿಯನ್ನು (ಯೋಚನೆ, ನಡವಳಿಕೆಗಳನ್ನು ಹೀಗೆ ತಾಳೆ ನೋಡಿ ಬದಲಿಸುವ ಮಾತಿನ ಚಿಕಿತ್ಸೆ). ಕ್ಲಾರ್ಕ್-ವೆಲ್ಸ್ ಕ್ರಮದಲ್ಲಾದರೆ ಸುಮಾರು 4 ತಿಂಗಳಲ್ಲಿ 90 ನಿಮಿಷದ 14 ಭೇಟಿ. ಮಾತ್ರೆ ಬೇಕಾದರೆ ಎಸಿಟಲೊಪ್ರಾಮ್ ಅಥವಾ ಸರ್ಟ್ರಲಿನ್. ಪರಿಣಾಮ ಕಾಣಲು ವಾರಗಳು ಬೇಕು, ಹತ್ತೇ ದಿನಕ್ಕೆ "ಏನೂ ಆಗ್ಲಿಲ್ಲ" ಎಂದು ಬಿಡಬೇಡಿ. ಗುಣ ಕಂಡಿತೆಂದು ಒಮ್ಮೆಲೇ ನಿಲ್ಲಿಸಲೂ ಬೇಡಿ. ಗೆಳೆಯರು ಕೊಡುವ ಆಲ್ಪ್ರಜೋಲಮ್ ಎಂಬ ಆತಂಕ ಇಳಿಸುವ ಮಾತ್ರೆ ಚಟ ಹಿಡಿಸುತ್ತದೆ, ಸಾಲದ್ದಕ್ಕೆ ಅದೂ ಕಾಪಾಡಿಕೊಳ್ಳುವ ಉಪಾಯವಾಗಿಬಿಡುತ್ತದೆ.

ಮುಂಬೈಯಲ್ಲಿ ಪರೇಲ್‌ನ ಕೆಇಎಂ, ಮುಂಬೈ ಸೆಂಟ್ರಲ್‌ನ ನಾಯರ್, ಸಾಯನ್ ಆಸ್ಪತ್ರೆಗಳಲ್ಲಿ ಮನೋವೈದ್ಯ ವಿಭಾಗವಿದೆ. ಬೆಳಗ್ಗೆ ಬೇಗ ಹೋಗಿ ಕೇಸ್ ಪೇಪರ್ ಮಾಡಿಸಿ. ಪುಣೆಯಲ್ಲಿ ಸಸೂನ್, ಗೋವಾದಲ್ಲಿ ಬಾಂಬೋಳಿಯ ಸರ್ಕಾರಿ ಮಾನಸಿಕ ಆಸ್ಪತ್ರೆ ಐಪಿಎಚ್‌ಬಿ. 14416 ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ, 24 ಗಂಟೆಯೂ ಉಚಿತ, ಕನ್ನಡದಲ್ಲೂ ಮಾತಾಡಬಹುದು. ಫೋನ್ ಮಾಡುವುದೇ ಹೆದರಿಕೆ ಎನ್ನುವವರು ಆ ಕರೆಯನ್ನೇ ಒಂದು ಮೆಟ್ಟಿಲಾಗಿ ಬರೆದುಕೊಳ್ಳಿ. ಖಾಸಗಿ ಕ್ಲಿನಿಕಲ್ ಸೈಕಾಲಜಿಸ್ಟರ ಹತ್ತಿರ ಹೋದರೆ ಭಾರತೀಯ ಪುನರ್ವಸತಿ ಪರಿಷತ್ತಿನ ಆರ್‌ಸಿಐ ನೋಂದಣಿ ಇದೆಯೇ ಎಂದು ಕೇಳಿ, "ಹೊರಗಿನ ಪ್ರಯೋಗಗಳನ್ನು ಮಾಡಿಸುತ್ತೀರಾ, ಬರೀ ಮಾತುಕತೆಯೇ?" ಎಂದೂ ಕೇಳಿ.

ಮೊದಲ ಭೇಟಿಯಲ್ಲಿ ಬಾಯಿ ಕಟ್ಟುವುದು ಖಂಡಿತ, ಆದ್ದರಿಂದ ಬರೆದದ್ದನ್ನೇ ಕೊಡಿ: ತುಂಬಿದ ಎರಡು ಹಾಳೆ, ತಪ್ಪಿಸಿಕೊಳ್ಳುತ್ತಿರುವ ಸಂದರ್ಭಗಳ ಪಟ್ಟಿ, ತೆಗೆದುಕೊಳ್ಳುತ್ತಿರುವ ಮಾತ್ರೆಗಳ ಚೀಟಿ, ಕುಡಿತ ಇದ್ದರೆ ವಾರಕ್ಕೆ ಎಷ್ಟು ಎಂಬುದು. ಬಾಲ್ಯದ ಬಗ್ಗೆ ಆ ದಿನ ಒಂದು ಸಾಲು ಸಾಕು. ಉಳಿದದ್ದನ್ನು ಯಾವಾಗ ಹೇಳುವುದೆಂದು ನೀವೇ ನಿರ್ಧರಿಸಬಹುದು.